ಹುಣಸೆಹಣ್ಣು ಹಚ್ಚಿ ತೊಳೆದ ದುಡ್ಡು

ಚಿತ್ತಾಪುರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಗೂಡಿನಲ್ಲಿ ಮುತ್ಯಾ ಜೋಪಾನವಾಗಿಟ್ಟಿದ್ದ ತಾಮ್ರದ ದುಡ್ಡೊಂದನ್ನು ಬಾಲ್ಯದಲ್ಲಿ ನಾನು ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದೆ. ಹಸಿರು ಕಿಲುಬಿನ ಜೊತೆಗೆ ಅಂಚಿನ ಅಕ್ಷರಗಳೂ ಅರ್ಧ ಅಳಿಸಿಹೋದವು. ಅಂದು ಕಳೆದದ್ದು ಅಕ್ಷರಗಳಷ್ಟೇ ಅಲ್ಲ, ನಾಣ್ಯದ ಕಥೆ ಹೇಳುವ ಮೇಲ್ಪದರವೂ ಹೌದೆಂಬುದು ನಾಣ್ಯಗಳ ರಾಸಾಯನಿಕ ವಿಶ್ಲೇಷಣೆಯ ಕುರಿತು ಓದತೊಡಗಿದ ಮೇಲೆ ತಿಳಿಯಿತು.

ಕಲಬುರಗಿಯ ಸರಾಫ್ ಬಜಾರಿನಲ್ಲಿ ಈಗ ಒರೆಗಲ್ಲಿನ ಜೊತೆಗೆ ಕ್ಯಾರೆಟ್ ಮಷಿನ್ನೂ ಇದೆ. ಒಡವೆಯ ಮೇಲೆ ಕ್ಷಕಿರಣ ಬಿಟ್ಟು, ಮರಳಿ ಹೊಮ್ಮುವ ಕಿರಣಗಳ ಶಕ್ತಿಯಿಂದ ಯಾವ ಲೋಹ ಎಷ್ಟಿದೆ ಎಂದು ಅದು ಹೇಳುತ್ತದೆ. ನಾಣ್ಯತಜ್ಞರು ಬಳಸುವುದೂ ಇದೇ ವಿಧಾನ. ಆದರೆ ಅದಕ್ಕೆ ತಿಳಿಯುವುದು ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪದಷ್ಟು ಆಳದ ಸುದ್ದಿ ಮಾತ್ರ. ಬೆಳ್ಳಿಗೆ ತಾಮ್ರ ಬೆರೆಸಿದ ನಾಣ್ಯ ಮಣ್ಣಿನಲ್ಲಿ ಶತಮಾನಗಳ ಕಾಲ ಬಿದ್ದಿದ್ದರೆ ಮೇಲ್ಪದರದ ತಾಮ್ರ ಮೊದಲು ಕರಗಿಹೋಗಿ ಬೆಳ್ಳಿಯ ಚರ್ಮ ಮಾತ್ರ ಉಳಿಯುತ್ತದೆ. ಟಂಕಸಾಲೆಯವರೇ ಬಿಲ್ಲೆಯನ್ನು ಕಾಯಿಸಿ, ಆಮ್ಲದಲ್ಲಿ ಅದ್ದಿ ಆ ಚರ್ಮವನ್ನು ಬರಿಸುತ್ತಿದ್ದದ್ದೂ ಉಂಟು. ಕ್ರಿ.ಶ. 64ರಲ್ಲಿ ರೋಮಿನ ಚಕ್ರವರ್ತಿ ನೀರೋ ದಿನಾರಿಯಸ್ ಎಂಬ ನಾಣ್ಯದ ಬೆಳ್ಳಿಯನ್ನು ಇಳಿಸಿದನು. ಮೇಲ್ಮೈಯನ್ನಷ್ಟೇ ಅಳೆದಿದ್ದ ಹಳೆಯ ಅಧ್ಯಯನ ಆ ನಾಣ್ಯಗಳಲ್ಲಿ ಶೇ. 90ಕ್ಕೂ ಹೆಚ್ಚು ಬೆಳ್ಳಿಯಿದೆ ಎಂದಿತ್ತು; ಅಂಚಿನಲ್ಲಿ ಸೂಕ್ಷ್ಮವಾಗಿ ಕೊರೆದು ಒಳಗಿನ ಲೋಹವನ್ನು ಪರೀಕ್ಷಿಸಿದಾಗ ಕಂಡದ್ದು ಸುಮಾರು ಶೇ. 80. ಒಂದು ಸಾಮ್ರಾಜ್ಯದ ಖಜಾನೆ ಎಷ್ಟು ಬಿಗಿಯಾಗಿತ್ತು ಎಂಬ ತೀರ್ಮಾನವೇ ಇದರಿಂದ ಬದಲಾಗುತ್ತದೆ.

ಈ ಎಚ್ಚರ ನಮ್ಮ ನೆಲಕ್ಕೂ ಬೇಕು. ಕಲಬುರಗಿಯ ಅಂದಿನ ಹೆಸರಾದ ಅಹ್ಸನಾಬಾದ್ ಎಂದು ಟಂಕಿಸಿದ ಬಹಮನಿ ಬೆಳ್ಳಿ ಟಂಕ ಸುಮಾರು 11 ಗ್ರಾಂ ತೂಗುತ್ತದೆ. ದಖ್ಖಣಕ್ಕೆ ಬೆಳ್ಳಿ ಬಹುಪಾಲು ಹೊರಗಿನಿಂದ, ವ್ಯಾಪಾರದ ದಾರಿಯಲ್ಲೇ ಬರಬೇಕಾಗಿದ್ದರಿಂದ, ಆ ಟಂಕದ ಒಡಲಿನಲ್ಲಿರುವ ಬೆಳ್ಳಿಯ ಪ್ರಮಾಣ ದೂರದ ಬಂದರುಗಳ ವಹಿವಾಟಿನ ಸುಳಿವನ್ನೂ ಕೊಡಬಲ್ಲದು.

ಭೀಮೆಯ ದಂಡೆಯ ಪ್ರಾಚೀನ ನೆಲೆಯಾದ ಸನ್ನತಿ ನೆನಪಾದಾಗ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಶಾತವಾಹನರ ಸೀಸದ ನಾಣ್ಯಗಳು. ಸೀಸದಲ್ಲಿ 204, 206, 207, 208 ಎಂಬ ನಾಲ್ಕು ಸ್ಥಿರ ಐಸೋಟೋಪುಗಳು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಇವೆ. ಅವುಗಳ ಅನುಪಾತ ಅದಿರಿನ ವಯಸ್ಸು ಮತ್ತು ಮೂಲವನ್ನು ಅನುಸರಿಸಿರುತ್ತದೆ, ಕುಲುಮೆಯಲ್ಲಿ ಕಾಯಿಸಿದರೂ ಕೆಡುವುದಿಲ್ಲ. ಹಾಗಾಗಿ ಭೀಮೆಯ ದಂಡೆಯಲ್ಲಿ ಸಿಕ್ಕ ಸೀಸ ಯಾವ ಗಣಿಯಿಂದ ಬಂದಿರಬಹುದು ಎಂದು ಹುಡುಕಬಹುದು. ಹಳೆಯ ನಾಣ್ಯಗಳನ್ನು ಒಟ್ಟಿಗೆ ಕರಗಿಸಿ ಮತ್ತೆ ಟಂಕಿಸಿದ್ದರೆ ಮಾತ್ರ ಗುರುತುಗಳು ಕಲಸಿಹೋಗುತ್ತವೆ.

ಮಳೆ ಹೋದ ಮೇಲೆ ಹೊಲದಲ್ಲಿ ನಾಣ್ಯ ಸಿಕ್ಕವರು ದಯವಿಟ್ಟು ಅದನ್ನು ತೊಳೆಯಬೇಡಿ, ತಿಕ್ಕಬೇಡಿ. ಅಂಟಿದ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗವನ್ನು ಬರೆದಿಟ್ಟು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಲುಪಿಸಿ.