ಹನ್ನೆರಡು ಲಕ್ಷಕ್ಕೆ ಹೊಸ ಸಣ್ಣ ಎಸ್‌ಯುವಿಯೋ, ಹಳೆಯ ದೊಡ್ಡದೋ?

ಪರಿಚಿತರು ಫೋನ್ ಮಾಡಿ, ಕುಶಲ ವಿಚಾರಿಸಿದ ಎರಡನೆಯ ನಿಮಿಷಕ್ಕೆ ಕೇಳುವ ಪ್ರಶ್ನೆ ಇದು: "ಹನ್ನೆರಡು ಲಕ್ಷ ಹೊಂದಿಸಿದ್ದೇನೆ. ಈ ದುಡ್ಡಿಗೆ ಹೊಸ ಸಣ್ಣ ಎಸ್‌ಯುವಿ ತೆಗೆದುಕೊಳ್ಳಲೋ, ಇಲ್ಲಾ ನಾಲ್ಕೈದು ವರ್ಷ ಓಡಿರುವ ದೊಡ್ಡದನ್ನೇ ನೋಡಲೋ?" ಹಾಸನದಲ್ಲಿದ್ದುಕೊಂಡು ತಿಂಗಳಿಗೆರಡು ಸಲ ಶಿರಾಡಿ ಘಾಟಿ ಇಳಿದು ಹತ್ತುವವನಿಗೆ ಇದೆಲ್ಲ ಗೊತ್ತಿರಲೇಬೇಕು ಎಂಬುದು ಅವರ ಎಣಿಕೆ. ನಾನು ಉತ್ತರ ಕೊಡುವ ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಹೆಚ್ಚಿನವರು ಇದನ್ನು ಲೆಕ್ಕ ಹಾಕಿಯೇ ಇರುವುದಿಲ್ಲ.

ಮೊದಲು ಹೊಸ ಗಾಡಿಯ ಲೆಕ್ಕ ನೋಡೋಣ. ಕರ್ನಾಟಕದ ಆಜೀವ ರಸ್ತೆ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. 5ರಿಂದ 10 ಲಕ್ಷದವರೆಗಿನ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಶೇ. 14, ಅಲ್ಲಿಂದ 20 ಲಕ್ಷದವರೆಗೆ ಶೇ. 17, ಅದರಾಚೆ ಶೇ. 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಅಂದರೆ ಬೆಲೆ ಹತ್ತು ಲಕ್ಷದ ಗೆರೆಯನ್ನು ಚೂರು ದಾಟಿದರೂ, ಸೆಸ್ ಬಿಟ್ಟು ಸುಮಾರು 30,000 ರೂಪಾಯಿ ಹೆಚ್ಚು ತೆತ್ತಂತಾಗುತ್ತದೆ. ವಿಮೆಯನ್ನೂ ಸೇರಿಸಿಕೊಂಡರೆ, ನಿಮ್ಮ ಹನ್ನೆರಡು ಲಕ್ಷಕ್ಕೆ ಬರುವುದು ಷೋರೂಂ ಬೆಲೆ ಹತ್ತರ ಆಸುಪಾಸಿನಲ್ಲಿರುವ ಗಾಡಿ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ ಶೇ. 18, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40 ಆಗಿದೆ. ಅಕ್ಕಪಕ್ಕ ನಿಲ್ಲಿಸಿದರೆ ಉದ್ದದಲ್ಲಿ ವ್ಯತ್ಯಾಸವೇ ಕಾಣದ ಪೆಟ್ರೋಲ್ ನೆಕ್ಸಾನ್ ಮತ್ತು ಬ್ರೆಝಾಗಳ ಪೈಕಿ ಮೊದಲನೆಯದು ಕಡಿಮೆ ತೆರಿಗೆಗೂ, 1462 ಸಿಸಿ ಎಂಜಿನ್ ಇರುವ ಎರಡನೆಯದು ಹೆಚ್ಚಿನ ತೆರಿಗೆಗೂ ಬರುವುದು ಇದೇ ಕಾರಣಕ್ಕೆ.

ಹಳೆಯ ಗಾಡಿಯಲ್ಲಿ ಆಜೀವ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ, ಬೆಲೆ ಜೋರಾಗಿ ಇಳಿಯುವ ಆರಂಭದ ವರ್ಷಗಳ ನಷ್ಟವೂ ಅವರ ತಲೆಗೇ ಹೋಗಿರುತ್ತದೆ. ಆದರೆ ಇಪ್ಪತ್ತೈದು ಲಕ್ಷದ ಗಾಡಿಯನ್ನು ನೀವು ಹನ್ನೆರಡಕ್ಕೆ ಕೊಂಡಿರೆಂದ ಮಾತ್ರಕ್ಕೆ ಅದರ ಟೈರು, ಕ್ಲಚ್ಚು, ಹೆಡ್‌ಲ್ಯಾಂಪುಗಳು ಹನ್ನೆರಡು ಲಕ್ಷದ ಗಾಡಿಯ ಬೆಲೆಗೆ ಸಿಗುವುದಿಲ್ಲ. ಕೊಳ್ಳುವಾಗ ಅರ್ಧ ಬೆಲೆಯಾದದ್ದು ಸರ್ವಿಸ್‌ಗೆ ಬಿಟ್ಟಾಗ ಪೂರ್ತಿ ಬೆಲೆಯದೇ ಆಗಿರುತ್ತದೆ. ಆದ್ದರಿಂದ ಹಳೆಯದನ್ನು ನೋಡುವವರಿಗೆ, ಹೊಸದಾಗಿದ್ದಾಗಲೂ ತಮ್ಮ ಕೈಗೆ ಎಟುಕುತ್ತಿದ್ದ ಅಥವಾ ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿದ್ದ ಗಾಡಿಯನ್ನಷ್ಟೇ ನೋಡಿ ಎನ್ನುತ್ತೇನೆ. ಕ್ರೆಟಾ ವರ್ಗದ್ದು ಸರಿ, ಫಾರ್ಚೂನರ್ ಬೇಡ.

"ಘಾಟಿ ರಸ್ತೆಗೆ ದೊಡ್ಡ ಗಾಡಿಯೇ ಬೇಕಲ್ಲವೇ?" ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಎಸ್‌ಯುವಿ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಗಾಡಿಗಳು ನೆಲದಿಂದ ಎತ್ತರಿಸಿದ ಕಾರುಗಳೇ. ಅವುಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಕಾಫಿ ತೋಟದ ಕೆಸರು ಹಾದಿ ಹತ್ತಲೇಬೇಕಾದವರ ಮಾತು ಬೇರೆ, ಅವರು ಥಾರ್‌ನಂಥ ಫೋರ್ ವೀಲ್ ಡ್ರೈವ್ ಗಾಡಿಯನ್ನೇ ನೋಡಬೇಕು. ಉಳಿದವರಿಗೆ ಬೇಕಿರುವುದು ಗುಂಡಿ, ಹಂಪುಗಳಿಗೆ ತಳ ತಾಗದಷ್ಟು ಎತ್ತರ. ಬ್ರೆಝಾದ 198 ಮಿಲಿಮೀಟರ್ ಅದಕ್ಕೆ ಧಾರಾಳವಾಯಿತು.

ದಿನದ ಓಟವನ್ನು ಕೇಳಿದ್ದು ಡೀಸೆಲ್ ವಿಚಾರಕ್ಕೆ. ನನ್ನ ಚಿಕ್ಕಪ್ಪನ ಮಗ ಎರಡು ವರ್ಷ ಓಡಿದ್ದ ಡೀಸೆಲ್ ಎಸ್‌ಯುವಿಯೊಂದನ್ನು ಒಳ್ಳೆಯ ಬೆಲೆಗೆ ತಂದು, ಮಗಳನ್ನು ಮೂರು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರಲು ಬಳಸುತ್ತಿದ್ದ. ಆರು ತಿಂಗಳು ಕಳೆಯುವುದರೊಳಗೆ ಮೀಟರಿನ ಪಕ್ಕದಲ್ಲಿ ಹಳದಿ ದೀಪ ಹತ್ತಿಕೊಂಡಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ಚೆನ್ನಾಗಿ ಕಾದರೆ ಆ ಮಸಿ ಅಲ್ಲೇ ಸುಟ್ಟುಹೋಗುತ್ತದೆ. ಬರೀ ಊರೊಳಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಈಗ ಅವನು ತಿಂಗಳಿಗೊಮ್ಮೆ ಯಾವ ಕೆಲಸವೂ ಇಲ್ಲದೆ ಚನ್ನರಾಯಪಟ್ಟಣದವರೆಗೆ ಹೋಗಿ, ಅಲ್ಲೊಂದು ಕಾಫಿ ಕುಡಿದು ಬರುತ್ತಾನೆ. ದಿನಕ್ಕೆ ಐವತ್ತು ಕಿಲೋಮೀಟರ್ ದಾಟದವರಿಗೆ ಪೆಟ್ರೋಲೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ನನ್ನ ಉತ್ತರ ಹೀಗೆ: ಓಟ ಕಡಿಮೆ ಇರುವವರು, ಐದಾರು ವರ್ಷಕ್ಕೆ ಗಾಡಿ ಬದಲಿಸುವವರು, ಒಬ್ಬರೇ ಮಾಲೀಕರಿದ್ದ, ಮೂರರಿಂದ ಐದು ವರ್ಷ ಹಳೆಯ, ಮಧ್ಯಮ ಗಾತ್ರದ ಪೆಟ್ರೋಲ್ ಗಾಡಿ ಕೊಳ್ಳಲಿ. ಹತ್ತು ಹನ್ನೆರಡು ವರ್ಷ ಒಂದನ್ನೇ ಇಟ್ಟುಕೊಳ್ಳುವವರು ಮತ್ತು ಗಾಡಿಯ ಒಳಹೊರಗನ್ನು ನೋಡಿಕೊಡುವ ಮೆಕ್ಯಾನಿಕ್ ಪರಿಚಯವಿಲ್ಲದವರು ಹೊಸದನ್ನೇ ಕೊಳ್ಳುವುದು ಕ್ಷೇಮ.

ಹಳೆಯದನ್ನು ನೋಡಲು ಹೋಗುವಾಗ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ. ಕಳೆದ ವರ್ಷ ಗೆಳೆಯರೊಬ್ಬರ ಜೊತೆ ಹೋಗಿದ್ದಾಗ, ಬೆಳಿಗ್ಗೆ ಏಳು ಗಂಟೆಗೇ ಬಾನೆಟ್ ಮೇಲೆ ಕೈಯಿಟ್ಟರೆ ದೋಸೆ ಕಾವಲಿಯ ಹಾಗೆ ಬಿಸಿಯಾಗಿತ್ತು. ತಣ್ಣಗಿದ್ದ ಎಂಜಿನ್ ಮಾಡುತ್ತಿದ್ದ ಯಾವುದೋ ಸದ್ದು ನಮ್ಮ ಕಿವಿಗೆ ಬೀಳಬಾರದಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ; 2018ರ ಕೊಡಗಿನ, 2022ರ ಬೆಂಗಳೂರಿನ ನೆರೆಯಂಥದ್ದರಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದು ಹೊಳಪು ಕೊಟ್ಟರೂ, ಸುರುಳಿಯ ಒಳಗಿನ ಪಟ್ಟಿಯ ಮೇಲೆ ಕೆಸರಿನ ಗೆರೆ ಉಳಿದಿರಬಹುದು. ಸ್ಟೆಪ್ನಿ ಎತ್ತಿ, ಅದರ ಕೆಳಗೆ ತುಕ್ಕು ಅಥವಾ ಮರಳಿದೆಯೇ ನೋಡಿ. ಟೈರಿನ ಪಕ್ಕೆಯ ಮೇಲೆ 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. 2021ರ ಗಾಡಿಗೆ ಅಂಥ ಟೈರು ಹೇಗೆ ಬಂತೆಂದು ಕೇಳಬೇಕಾಗುತ್ತದೆ. ಮೀಟರ್ 38,000 ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ ನಾನು ರಬ್ಬರನ್ನೇ ನಂಬುತ್ತೇನೆ.

ದೆಹಲಿಯಿಂದ ಬಂದ ಗಾಡಿ ಅಗ್ಗವಾಗಿ ಸಿಗುತ್ತಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧವಿದ್ದುದರಿಂದ ಅವು ಅಗ್ಗವಾಗಿ ಹೊರಬೀಳುತ್ತವೆ. ಆದರೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯುವ ಹೊತ್ತಿಗೆ ಆ ಅಗ್ಗ ಬಹುಮಟ್ಟಿಗೆ ಕರಗಿರುತ್ತದೆ.

ಕಾಗದಪತ್ರದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿಯನ್ನೂ ಫಾರಂ 35ನ್ನೂ, ವರ್ಗಾವಣೆಗೆ ಸಹಿ ಮಾಡಿದ ಫಾರಂ 29 ಮತ್ತು 30ನ್ನೂ ಕೇಳಿ ಪಡೆಯಿರಿ. ವಿಮೆಯ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಹಳೆಯ ಮಾಲೀಕರ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ನಿಮ್ಮ ಪ್ರೀಮಿಯಂ ಅವರು ಕಟ್ಟುತ್ತಿದ್ದುದಕ್ಕಿಂತ ಹೆಚ್ಚೇ ಬಂದೀತು. ನಾನಂತೂ ಒಪ್ಪಿದ ಬೆಲೆಯಲ್ಲಿ ಒಂದು ಪಾಲನ್ನು ಉಳಿಸಿಕೊಂಡು, ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಪರಿವಾಹನ್ ಜಾಲತಾಣದಲ್ಲಿ ಕಣ್ಣಾರೆ ಕಂಡ ದಿನ ಅದನ್ನು ಕೊಡಿಸುತ್ತೇನೆ, ಮಾರುವವರು ನೆಂಟರೇ ಆಗಿದ್ದರೂ.