ಡೆಕೋರಾದಲ್ಲಿ ನಾರ್ವೇಜಿಯನ್ ಹುಡುಕುತ್ತಾ

ಅಮೆರಿಕದ ಅಯೋವಾ ರಾಜ್ಯಕ್ಕೆ ಟ್ರಿಪ್ ಅಂದಾಗ ಗೆಳೆಯರೆಲ್ಲ ನಕ್ಕರು. ಅಲ್ಲೇನಿದೆ, ಬರೀ ಮೆಕ್ಕೆಜೋಳದ ಹೊಲ ಅಲ್ವಾ? ಆದರೆ ಆ ರಾಜ್ಯದ ಈಶಾನ್ಯ ಮೂಲೆ ಹಾಗಿಲ್ಲ. ಗುಡ್ಡ, ಕಣಿವೆ, ಸುಣ್ಣಕಲ್ಲಿನ ಬಂಡೆ, ನಡುವೆ ಬಳುಕುವ ಅಪ್ಪರ್ ಅಯೋವಾ ನದಿ. ನಾರ್ವೆಯಿಂದ ವಲಸೆ ಬಂದವರು ನೆಲೆಸಿದ ಡೆಕೋರಾ ಊರು ಇರೋದು ಅಲ್ಲೇ. ಅವರ ನಾರ್ವೇಜಿಯನ್ ಭಾಷೆ ಇನ್ನೂ ಎಷ್ಟು ಉಳಿದಿದೆ ನೋಡೋಣ ಅಂತ ಹೊರಟೆವು.

ಮೊದಲು ನಾರ್ವೆ ವಲಸಿಗರ ವೆಸ್ಟರ್‌ಹೈಮ್ ಮ್ಯೂಸಿಯಂ. ವಲಸಿಗರ ಮರದ ಪೆಟ್ಟಿಗೆಗಳ ಮುಂದೆಯೇ ಜಾಸ್ತಿ ಹೊತ್ತು ಕಳೆಯಿತು. ಕಬ್ಬಿಣದ ಪಟ್ಟಿ ಬಡಿದು, ಬಳ್ಳಿ ಹೂವು ಬಿಡಿಸಿ, ಮೇಲೆ ಯಜಮಾನನ ಹೆಸರು, ಇಸವಿ ಬರೆದ ಪೆಟ್ಟಿಗೆಗಳು. 1825ರಲ್ಲಿ ನಾರ್ವೆಯ ಸ್ಟಾವಾಂಗರ್‌ನಿಂದ ಒಂದು ಪುಟ್ಟ ಹಡಗು ನ್ಯೂಯಾರ್ಕಿಗೆ ಹೊರಟಿತ್ತು, ಆಮೇಲಿನ ನೂರು ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ನಾರ್ವೆ ಬಿಟ್ಟು ಅಮೆರಿಕಕ್ಕೆ ಬಂದರು.

ಬಂದವರು ತಮ್ಮ ಊರಿನವರ ಪಕ್ಕದಲ್ಲೇ ಜಮೀನು ಹಿಡಿದರು. ಹಾಗಾಗಿ ಅಲ್ಲಿನ ಹಳ್ಳಿ ಮಾತು ಇಲ್ಲೂ ಮೂರ್ನಾಲ್ಕು ತಲೆಮಾರು ಬಾಳಿತು. ಆದರೆ ಚರ್ಚು, ಪತ್ರಿಕೆಗಳದ್ದು ಡ್ಯಾನಿಶ್ ಛಾಯೆಯ ಪುಸ್ತಕದ ಭಾಷೆ. ಮನೆಯಲ್ಲಿ ನಿರರ್ಗಳವಾಗಿ ಮಾತಾಡುತ್ತಿದ್ದ ಎಷ್ಟೋ ಮಂದಿಗೆ ಅದನ್ನು ಓದಲು, ಬರೆಯಲು ಬರುತ್ತಿರಲಿಲ್ಲ. ಆದರೂ ಇಲ್ಲಿಂದ ಹೊರಡುತ್ತಿದ್ದ ನಾರ್ವೇಜಿಯನ್ ಪತ್ರಿಕೆ 'ಡೆಕೋರಾ ಪೋಸ್ಟನ್' 1874ರಿಂದ 1972ರವರೆಗೆ ನಡೆಯಿತು ಅಂದರೆ ಸುಮ್ನೆ ಅಲ್ಲ.

1918ರಲ್ಲಿ, ಮಹಾಯುದ್ಧದ ಕಾಲ, ಅಯೋವಾ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದ: ಶಾಲೆಯಲ್ಲಿ, ಚರ್ಚಿನಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ! ಸಿಟ್ಟು ಜರ್ಮನರ ಮೇಲೆ, ಏಟು ನಾರ್ವೆಯವರಿಗೂ. ಅದೇ ಡಿಸೆಂಬರ್‌ನಲ್ಲಿ ಆದೇಶ ರದ್ದಾಯಿತು. ಭಾಷೆ ಹೋಗಿದ್ದು ಇದೊಂದರಿಂದಲೇ ಅಂತ ನನಗನ್ನಿಸುವುದಿಲ್ಲ. ಮಕ್ಕಳ ಶಾಲೆ ಇಂಗ್ಲಿಷಿನದು, ಆಮೇಲೆ ಚರ್ಚಿನ ಪ್ರವಚನವೂ ಇಂಗ್ಲಿಷಿಗೆ ಬಂತು. ಇನ್ನು ಉಳಿದದ್ದು ಅಡುಗೆಮನೆ, ಕೊಟ್ಟಿಗೆ.

ಅಲ್ಲಿಂದ ಮಿನ್ನೆಸೋಟ ಗಡಿ ದಾಟಿ ಸ್ಪ್ರಿಂಗ್ ಗ್ರೋವ್‌ಗೆ ಹೋದೆವು. 'ಪೋಸ್ಟನ್'ನಲ್ಲಿ 1918ರಿಂದ 1935ರವರೆಗೆ ಬಂದ ಓಲಾ ಮತ್ತು ಪೇರ್ ಕಾರ್ಟೂನಿನ ಪೀಟರ್ ರೋಸೆಂಡಾಲ್ ಇಲ್ಲಿನ ರೈತ. ಓವರಾಲ್ ತೊಟ್ಟ ಓಲಾ, ಬಾಲದ ಕೋಟಿನ ಪೇರ್, ಹೊಸ ಯಂತ್ರ ಸಿಕ್ಕಿದರೆ ಸಾಕು ಪೇರ್ ಏನಾದರೂ ಎಡವಟ್ಟು ಮಾಡಿಕೊಳ್ಳುತ್ತಾನೆ. ಇಬ್ಬರದೂ ಇಂಗ್ಲಿಷ್ ಬೆರೆತ ಹಳ್ಳಿ ನಾರ್ವೇಜಿಯನ್, ನಮ್ಮ ಬೆಂಗಳೂರು ಕನ್ನಡದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

ಕೆಫೆಯಲ್ಲಿ ಪಕ್ಕದ ಟೇಬಲ್ಲಿನ ಅಜ್ಜ ಒಬ್ಬರು ಮಾತಿಗೆ ಸಿಕ್ಕರು. ನಾರ್ವೇಜಿಯನ್ ಬರುತ್ತಾ ಅಂದೆ. ಊಟದ ಪ್ರಾರ್ಥನೆ ಬರುತ್ತೆ ಅಂದವರು, ಕೈ ಜೋಡಿಸಿ "ಈ ಯೇಸು ನಾವ್ನ್ ಗೋರ್ ವೀ ತಿಲ್ ಬೂರ್ಸ್" ಅಂತ ಒಂದೇ ಉಸಿರಿಗೆ ಶುರು ಮಾಡಿ ಕೊನೆಯವರೆಗೆ ಹೇಳಿದರು. ಮೊಮ್ಮಕ್ಕಳೂ ಹೇಳುತ್ತಾರಂತೆ, ಅರ್ಥ ಗೊತ್ತಿಲ್ಲ, ನಮ್ಮ ಮಕ್ಕಳು ಶ್ಲೋಕ ಒಪ್ಪಿಸುವ ಹಾಗೆ. ಬೈಗುಳ ನೆನಪಿದೆಯಾ ಅಂದರೆ ಜೋರಾಗಿ ನಕ್ಕು, ಹೆಂಡತಿ ಕಡೆ ನೋಡಿ ಸುಮ್ಮನಾದರು.

ಆಲೂಗಡ್ಡೆಯಿಂದ ಮಾಡುವ ಲೆಫ್ಸೆ ರೊಟ್ಟಿ ಬೆಣ್ಣೆ ಸಕ್ಕರೆ ಹಾಕಿ ತಿನ್ನಿ, ಚೆನ್ನಾಗಿದೆ. ಹೋಗುವುದಾದರೆ ಜುಲೈ ಕೊನೆಯ ನಾರ್ಡಿಕ್ ಫೆಸ್ಟ್ ದಿನಗಳನ್ನು ಬಿಟ್ಟು ಹೋಗಿ, ಆ ಗದ್ದಲದಲ್ಲಿ ಇಂಥ ಅಜ್ಜಂದಿರು ಮಾತಿಗೆ ಸಿಗುವುದು ಕಷ್ಟ.