ಹೆಸರಿಲ್ಲದ ಹಡಗಿಗೆ ಕೊನೆಗೂ ಹೆಸರು ಸಿಕ್ಕಿತು

ಹಡಗು ಸ್ಟ್ರಾತ್‌ಏರ್ಡ್. ಸ್ಟ್ರಾತ್‌ನೇವರ್ ಅಲ್ಲ. ಇಷ್ಟು ಬರೆಯಲು ಪಟ್ಟ ಪಾಡು ಯಾರಿಗೂ ಬೇಡ.

ಯಾವ ವಸ್ತು ಅಂತ ಮರೆತವರಿಗೆ: ಯುದ್ಧಕ್ಕೆ ಹೊರಟ ಸೈನಿಕರು ಭೂಮಧ್ಯರೇಖೆ ದಾಟಿದ ದಿನ ಹಡಗಿನಲ್ಲೇ ಅಚ್ಚು ಹಾಕಿಕೊಂಡ ಕಾರ್ಯಕ್ರಮ ಪಟ್ಟಿ. ಒಂದೇ ಹಾಳೆ, ನಡುವೆ ಮಡಚಿ ನಾಲ್ಕು ಪುಟ. ಸ್ಟೆನ್ಸಿಲ್ ಡೂಪ್ಲಿಕೇಟರಿನ ಕಪ್ಪು ಶಾಯಿ. ಒಳಗೆ ‘ಜನವರಿ 1940’ ಅಂತ ಇದೆ. ಹಡಗಿನ ಹೆಸರಿಲ್ಲ, ದಳದ ಹೆಸರಿಲ್ಲ. ಯುದ್ಧದ ಗುಟ್ಟು, ಒಪ್ಪೋಣ. ಆದರೆ ಮಾರಿದ ಮಹಾನುಭಾವರಿಗೆ ಏನು ಗುಟ್ಟಿತ್ತೋ! ‘ಹಳೇ ಮೆನು ಕಾರ್ಡ್, ಸ್ಥಿತಿ ಚೆನ್ನಾಗಿದೆ’ ಎಂದು ಹಾಕಿದ್ದರು. ಒಳಗೆ ಊಟದ ಸುದ್ದಿಯೇ ಇಲ್ಲ. ನಾಲ್ಕನೇ ಪುಟ ಪೂರ್ತಿಯಾಗಿ ಕಪ್ಪು ಆಲ್ಬಮ್ ರಟ್ಟಿಗೆ ಅಂಟಿಕೊಂಡಿತ್ತು. ಅದನ್ನೂ ಹೇಳಿರಲಿಲ್ಲ. ಸಾಲದ್ದಕ್ಕೆ ಪ್ಯಾಕಿಂಗ್ ಟೇಪನ್ನು ರಟ್ಟಿನ ಅಂಚಿಗೇ ಸುತ್ತಿ ಕಳಿಸಿದ್ದರು.

ಮುಖಪುಟದ ಚಿತ್ರದಿಂದ ಅರ್ಧ ಕೆಲಸ ಆಗಿತ್ತು. ಸಮುದ್ರದೇವ ನೆಪ್ಚೂನ್ ಮಹಾರಾಜರು ಗಡ್ಡ ಬಿಟ್ಟುಕೊಂಡು ಕೂತಿದ್ದಾರೆ, ಹಿಂದೆ ಮೂರು ಹೊಗೆಕೊಳವೆಯ ಹಡಗು. ಯಾರೋ ಗಮನ ಇಟ್ಟು ಬಿಡಿಸಿದ್ದಾರೆ, ಯಾಕೆಂದರೆ ಹೊಗೆ ಬರುತ್ತಿರುವುದು ನಡುವಿನ ಕೊಳವೆಯಿಂದ ಮಾತ್ರ. ಪಿ ಆಂಡ್ ಓ ಎಂಬ ಬ್ರಿಟಿಷ್ ಕಂಪನಿಯ ಹಡಗುಗಳನ್ನು ಬಲ್ಲವರು ಇಲ್ಲಿಗೇ ನಕ್ಕಿರುತ್ತೀರಿ. ಸ್ಟ್ರಾತ್‌ನೇವರ್, ಸ್ಟ್ರಾತ್‌ಏರ್ಡ್ ಎರಡರಲ್ಲೂ ಮೊದಲನೆಯದು ಮತ್ತು ಮೂರನೆಯದು ಬರೀ ಡಮ್ಮಿ, ನೋಟಕ್ಕೆ ಇಟ್ಟದ್ದು. ಆಮೇಲೆ ಬಂದ ತಂಗಿಯರಾದ ಸ್ಟ್ರಾತ್‌ಮೋರ್, ಸ್ಟ್ರಾತ್‌ಈಡನ್, ಸ್ಟ್ರಾತ್‌ಆಲನ್‌ಗೆ ಒಂದೊಂದೇ ಕೊಳವೆ. ಕ್ವೀನ್ ಮೇರಿ ಹಡಗಿಗೂ ಮೂರು ಇದ್ದವು, ಆದರೆ ಮೂರೂ ಹೊಗೆ ಬಿಡುತ್ತಿದ್ದವು. ಯುದ್ಧ ಮುಗಿದ ಮೇಲೆ ಸ್ಟ್ರಾತ್‌ನೇವರ್, ಸ್ಟ್ರಾತ್‌ಏರ್ಡ್ ಎರಡರ ಡಮ್ಮಿಗಳನ್ನೂ ಕಿತ್ತು ಒಂದೊಂದೇ ಉಳಿಸಿದರು. ಹಾಗಾಗಿ ಆಮೇಲಿನ ಫೋಟೊ ಇಟ್ಟುಕೊಂಡು ಹುಡುಕುವವರು ದಾರಿ ತಪ್ಪುವುದು ಗ್ಯಾರಂಟಿ.

ಉಳಿದವು ಎರಡು. ಎರಡರಲ್ಲಿ ಒಂದನ್ನು ತೆಗೆದುಹಾಕುವುದು ಸುಲಭ ಅಲ್ವಾ? ಅಲ್ಲ. ಜನವರಿ 1940ರಲ್ಲಿ ಎರಡೂ ಒಟ್ಟಿಗೆ ಸಾಗುವ ಹಡಗುಗಳ ಒಂದೇ ಕಾನ್ವಾಯ್‌ನಲ್ಲಿದ್ದವು! ಅದರ ಹೆಸರು ಯುಎಸ್-1. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಮೊದಲ ದಳಗಳನ್ನು ಕೊಲಂಬೊ, ಏಡನ್ ದಾರಿಯಲ್ಲಿ ಈಜಿಪ್ಟಿಗೆ ಒಯ್ದ ತಂಡ. ಸ್ಟ್ರಾತ್‌ಏರ್ಡ್‌ನಲ್ಲಿ ನ್ಯೂಜಿಲೆಂಡಿನವರು, ಸ್ಟ್ರಾತ್‌ನೇವರ್‌ನಲ್ಲಿ ಆಸ್ಟ್ರೇಲಿಯದವರು. ತಾರೀಖು ಹಿಡಿದು ಹೋದರೆ ಪ್ರಯೋಜನ ಇಲ್ಲ, ದಾರಿ ಹಿಡಿದು ಹೋದರೂ ಇಲ್ಲ. ಟೋಪಿ ನೋಡಿ ಹೇಳಬಹುದಿತ್ತು. ನ್ಯೂಜಿಲೆಂಡಿನವರದ್ದು ತುದಿ ಚೂಪಾದ ಟೋಪಿ, ಆಸ್ಟ್ರೇಲಿಯದವರದ್ದು ಒಂದು ಅಂಚು ಮೇಲಕ್ಕೆ ಮಡಚಿದ್ದು. ಆದರೆ ರೇಖೆಯನ್ನು ಮೊದಲ ಸಲ ದಾಟುವವರಿಗೆ ನೊರೆ ಬಳಿಯುವ ನೆಪ್ಚೂನನ ದರ್ಬಾರಿನ ಚಿತ್ರದಲ್ಲಿ ಟೋಪಿ ಇರಲಿ, ಅಂಗಿ ಹಾಕಿಕೊಂಡವರೂ ಇಲ್ಲ. ಎಲ್ಲರ ಮೈ ತುಂಬ ನೊರೆ.

ಹಾಗಾಗಿ ಉಳಿದದ್ದು ಅಂಟಿಕೊಂಡ ನಾಲ್ಕನೇ ಪುಟ. ರಟ್ಟು ಬಿಟ್ಟುಕೊಂಡಿದ್ದ ಒಂದು ಮೂಲೆಯಿಂದ ಇಣುಕಿದರೆ ಪೆನ್ಸಿಲ್ ಗೀಟು ಕಾಣುತ್ತಿತ್ತು. ಸಹಿಗಳು!

ನೀರು ಮುಟ್ಟಿಸುವ ಮುಂಚೆ ಪರೀಕ್ಷೆ ಮಾಡಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಗೀಟಿನ ತುದಿಗೆ ಸಣ್ಣ ಬ್ರಷ್‌ನಿಂದ ಸೂಜಿಮೊನೆಯಷ್ಟು ತೇವ ತಾಗಿಸಿ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದೆ. ಬೂದುಬಣ್ಣ ಕಣ್ಣೆದುರೇ ನೇರಳೆಯಾಯಿತು. ಕಾಪಿಯಿಂಗ್ ಪೆನ್ಸಿಲ್. ಗ್ರಾಫೈಟ್ ಜತೆಗೆ ಅನಿಲಿನ್ ಬಣ್ಣ ಬೆರೆಸಿದ್ದು. ಒಣಗಿದ್ದಾಗ ಸಾಧು, ನೀರು ಬಿದ್ದರೆ ಪುಟವೆಲ್ಲ ನೇರಳೆ. ಅಲ್ಲಿಗೆ ಮೀಥೈಲ್ ಸೆಲ್ಯುಲೋಸ್ ಎಂಬ ನೀರಿನ ಲೋಳೆಯ ಪಟ್ಟಿ ಹಾಕಿ ಅಂಟು ನೆನೆಸುವ ಯೋಜನೆಗೆ ಮಂಗಳ ಹಾಡಿದೆ. ಆಲ್ಕೋಹಾಲ್ ಇನ್ನೂ ಕೆಟ್ಟದ್ದು, ಆ ಬಣ್ಣ ಅದರಲ್ಲೂ ಕರಗುತ್ತದೆ. ಇಷ್ಟಕ್ಕೂ ನಾನು ತರಿಸಿದ್ದ ಮೀಥೈಲ್ ಸೆಲ್ಯುಲೋಸ್ ಬದಲು ಬಂದದ್ದು ಗೋಡೆ ಕಾಗದಕ್ಕೆ ಹಚ್ಚುವ ಗೋಂದಿನ ಪುಡಿ, ಅದರಲ್ಲಿ ಬೂಸ್ಟುನಾಶಕ ಬೇರೆ. ‘ಎರಡೂ ಒಂದೇ ಸಾರ್’ ಅಂತ ಉತ್ತರ. ಹರಿದದ್ದಕ್ಕೆ ಅಂಟಿಸುವ ತೆಳು ಕಾಗದ, ಜಪಾನಿ ಟಿಶ್ಯೂ, ಸುರುಳಿಯಾಗಿ ಬರಬೇಕಿತ್ತು, ಎಂಟು ಮಡಿಕೆ ಮಾಡಿ ಲಕೋಟೆಗೆ ತುರುಕಿದ್ದರು.

ಒಣ ದಾರಿ ಒಂದೇ. ರಟ್ಟಿನಿಂದ ಹಾಳೆ ಬಿಡಿಸುವುದಲ್ಲ, ಹಾಳೆಯಿಂದ ರಟ್ಟು ಬಿಡಿಸುವುದು. ಹಾಳೆಯನ್ನು ಮುಖ ಕೆಳಗೆ ಮಾಡಿ ಬ್ಲಾಟರ್ ಮೇಲೆ ಮಲಗಿಸಿ, ರಟ್ಟನ್ನು ಹಿಂದಿನಿಂದ ಪದರ ಪದರವಾಗಿ ತೆಳ್ಳಗೆ ಮಾಡುತ್ತ ಬಂದೆ. ಮೊದಲ ಪದರಗಳು ಹಳೇ ಗೋಡೆಯ ಸುಣ್ಣದ ಹಕ್ಕಳೆ ಎದ್ದ ಹಾಗೆ ಸಲೀಸಾಗಿ ಎದ್ದವು. ಕೊನೆಯ ಪದರಗಳಿಗೆ ಸ್ಕಾಲ್ಪೆಲ್ ಬಿಟ್ಟು ಮೊಂಡು ಸ್ಪ್ಯಾಚುಲಾ. ಕಪ್ಪು ಧೂಳು ಮೂಗಿನ ತುಂಬ. ಮಾಸ್ಕ್ ಹಾಕಿಕೊಳ್ಳಿ, ಸೀನಿದರೆ ಸ್ಪ್ಯಾಚುಲಾ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ತೆಳ್ಳಗಾದ ಮೇಲೆ ಕೆಳಗೆ ಎಲ್‌ಇಡಿ ಪ್ಯಾನೆಲ್ ಇಟ್ಟೆ. ಬಿಸಿಯಾಗದ ಪ್ಯಾನೆಲ್ಲೇ ಬೇಕು. ಸಹಿಗಳು ಮಬ್ಬಾಗಿ ಎದ್ದು ಬಂದವು. ಅವುಗಳ ಕೆಳಗೆ ಬೇರೆ ಕೈಬರಹದಲ್ಲಿ ದೊಡ್ಡದಾಗಿ ಒಂದು ಪದ. ಎಸ್, ಟಿ, ಆರ್, ಎ, ಟಿ, ಎಚ್. ಅಲ್ಲಿಂದ ಮುಂದೆ ಕಂದುಬಣ್ಣದ ಅಂಟಿನ ಗಡ್ಡೆ, ಬೆಳಕು ಹಾಯುವುದೇ ಇಲ್ಲ.

‘ಸ್ಟ್ರಾತ್.’ ಐದು ಹಡಗಿಗೂ ಇರುವ ಆ ಒಂದು ಭಾಗ ಮಾತ್ರ ನಿಚ್ಚಳ! ಬೇಕಾದ ಅರ್ಧ ಮಾತ್ರ ಗಡ್ಡೆಯ ಕೆಳಗೆ. ಪ್ರಾಣಿ ಮೂಳೆ, ಚರ್ಮದಿಂದ ಕಾಸಿದ ಅಂಟು. ಬೆಚ್ಚಗಿನ ನೀರಿಗೆ ಕರಗುತ್ತದೆ, ಜತೆಗೆ ಹೆಸರೂ ಕರಗುತ್ತದೆ. ಪ್ಯಾನೆಲ್ ಆರಿಸಿ, ಸಂಗ್ರಹವನ್ನೇ ಮಾರಿ ಅಂಚೆಚೀಟಿ ಶುರು ಮಾಡೋಣ ಅನಿಸಿತು.

ಆ ಸಿಟ್ಟಿನಲ್ಲೇ ಮುಂದಿನ ಪ್ರಾಜೆಕ್ಟ್ ಕಡೆ ತಿರುಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಆಸ್ಟ್ರೇಲಿಯಾದ ಅಧಿಕೃತ ಇತಿಹಾಸ, ಗ್ಯಾವಿನ್ ಲಾಂಗ್ ಸಂಪಾದಿಸಿದ 22 ಸಂಪುಟ. ಓದಲು ಎಲ್ಲವೂ ಸಿಗುತ್ತದೆ. ನನಗೆ ಬೇಕಿರುವುದು ಜಾಕೆಟ್ (ಹೊರಗಿನ ಕಾಗದದ ಹೊದಿಕೆ) ಸಮೇತ ಮೊದಲ ಮುದ್ರಣ. ಬೆಟಾಲಿಯನ್ ಇತಿಹಾಸಗಳದ್ದು ಇನ್ನೊಂದು ಗೋಳು. ಹಿಂದಿನ ರಟ್ಟಿನ ಜೇಬಿನಲ್ಲಿರಬೇಕಾದ ನಕ್ಷೆ ಇದೆಯಾ ಅಂತ ಕೇಳಿದರೆ ‘ಪುಸ್ತಕ ಪೂರ್ತಿ ಇದೆ’ ಅನ್ನುತ್ತಾರೆ. ಬಿಚ್ಚಿದರೆ ಖಾಲಿ ಜೇಬು. ಜೇಬಿನ ಫೋಟೊ ಕೇಳದೆ ಈಗ ನಾನು ದುಡ್ಡು ಕಳಿಸುವುದಿಲ್ಲ.

ಸರಿ, ಹಡಗಿಗೆ ಬರೋಣ. ದಾರಿ ಸಿಕ್ಕಿದ್ದು ಮೂರನೇ ಪುಟದಲ್ಲಿ. ಅದರ ಕೆಳಗಿನ ಅರ್ಧ ಖಾಲಿ. ಸಹಿ ಹಾಕಿದವರು ಯಾವುದೋ ಮೆತ್ತನೆಯದರ ಮೇಲಿಟ್ಟು ಪೆನ್ಸಿಲ್ ಒತ್ತಿ ಬರೆದಿದ್ದಾರೆ. ಹಿಂದೆ ಒತ್ತಿದ್ದು ಮುಂದೆ ಉಬ್ಬಾಗಿ ನಿಂತಿದೆ. ಕಣ್ಣಿಗೆ ಕಾಣದು, ಓರೆ ಬೆಳಕು ಬೇಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಮಲಗಿಸಿದೆ. ಮೇಲಿನ ಅಂಚಿನಿಂದ ಬೆಳಕು ಬಿಟ್ಟಾಗ ಅಡ್ಡ ಗೀಟುಗಳು ಮಾತ್ರ ನೆರಳು ಚೆಲ್ಲಿದವು. ಉದ್ದ ಗೀಟು ಬೇಕಾದರೆ ಪಕ್ಕದಿಂದ ಬೆಳಕು ಬೀಳಬೇಕು. ಎಡದಿಂದ ಒಂದು ಫೋಟೊ, ಬಲದಿಂದ ಒಂದು, ಎರಡನ್ನೂ ಕನ್ನಡಿಯಂತೆ ತಿರುಗಿಸಿ ಅಕ್ಕಪಕ್ಕ ಇಟ್ಟೆ.

ಅಂಟಿನ ಗಡ್ಡೆ ಇರುವ ಜಾಗದಲ್ಲೂ ಉಬ್ಬು ಹಾಗೇ ಇತ್ತು. ಎಚ್ ಆದ ಮೇಲೆ ಒಂದು ದುಂಡನೆಯ ಅಕ್ಷರ, ಆಮೇಲೆ ಒಂದು ಗಿಡ್ಡ ಗೀಟು. ಅದರ ತಲೆಯ ಮೇಲೆ, ಸ್ವಲ್ಪ ಬಲಕ್ಕೆ, ಪುಟ್ಟ ಗುಳ್ಳೆ. ಐ ಅಕ್ಷರದ ಚುಕ್ಕೆ! ಕೊನೆಯಲ್ಲಿ ಒಂದು ಗೀಟು ಉಳಿದ ಅಕ್ಷರಗಳಿಗಿಂತ ಎರಡರಷ್ಟು ಎತ್ತರಕ್ಕೆ ಎದ್ದಿದೆ. ‘ನೇವರ್’ನಲ್ಲಿ ಚುಕ್ಕೆಯೂ ಇಲ್ಲ, ತಲೆ ಎತ್ತುವ ಅಕ್ಷರವೂ ಇಲ್ಲ. ಕೊನೆಯದು ಡಿ. ಏರ್ಡ್.

ಅಂದರೆ ಸಹಿ ಹಾಕಿದವರು ನ್ಯೂಜಿಲೆಂಡಿನ ಮೊದಲ ತಂಡದವರು. ಗಡ್ಡೆಯನ್ನು ಹಾಗೇ ಬಿಡುತ್ತೇನೆ, ಉಳಿದ ಕಪ್ಪು ನಾರನ್ನೂ ಕೆರೆಯುವುದಿಲ್ಲ. ನೇರಳೆ ಬಣ್ಣ ಬೆಳಕಿಗೆ ಮಾಸುತ್ತದೆ, ಆದ್ದರಿಂದ ಫ್ರೇಮ್ ಹಾಕಿ ಗೋಡೆಗೆ ನೇತುಹಾಕುವ ಆಸೆಯನ್ನೂ ಬಿಟ್ಟೆ. ಪಾಲಿಯೆಸ್ಟರ್ ಕವರ್, ಆಸಿಡ್ ಇಲ್ಲದ ಡಬ್ಬಿ, ಅಷ್ಟೇ.

ಈಗ ಸಹಿಗಳನ್ನು ಆಗ ಹಡಗು ಹತ್ತಿದವರ ಹೆಸರುಪಟ್ಟಿ, ಅಂದರೆ ನಾಮಿನಲ್ ರೋಲ್ ಜತೆ ಹೋಲಿಸುತ್ತಿದ್ದೇನೆ. ಸ್ಪಷ್ಟವಾಗಿ ಓದಲು ಬಂದ ಒಂದೇ ಒಂದು ಸಹಿ ‘ಜೆ. ಸ್ಮಿತ್’. ರೋಲ್‌ನಲ್ಲಿ ಸ್ಮಿತ್‌ಗಳು ಪುಟಗಟ್ಟಲೆ ಇದ್ದಾರೆ.